ನಲವತ್ತರಲ್ಲಿ ಅಕ್ಷರಾಭ್ಯಾಸ

1920ರಲ್ಲಿ ಬರ್ಲಿನ್ನಿನ ಹಿರಿಯ ಇತಿಹಾಸಕಾರ ಫ್ರೀಡ್ರಿಶ್ ಮೈನೆಕೆ ತಮ್ಮ ಹಳೆಯ ಶಿಷ್ಯನನ್ನು ವಿಶ್ವವಿದ್ಯಾಲಯದ ಅಧ್ಯಾಪಕ ವೃತ್ತಿಗೆ ಕರೆದರು. ಶಿಷ್ಯನಿಗೆ ಆಗ ಮೂವತ್ಮೂರು. ಹೆಗೆಲ್‌ನ ರಾಜ್ಯಚಿಂತನೆಯ ಮೇಲೆ ಬರೆದ ಎರಡು ಸಂಪುಟಗಳ ಗ್ರಂಥ ಅದೇ ವರ್ಷ ಅಚ್ಚಾಗಿತ್ತು. ಮುಂದಿನ ದಾರಿ ನಿಚ್ಚಳವಾಗಿತ್ತು. ಆದರೆ ಫ್ರಾಂಜ್ ರೋಸೆನ್‌ಜ್ವೈಗ್ ಒಲ್ಲೆ ಎಂದರು. ಅವರು ಹೋದದ್ದು ಫ್ರಾಂಕ್‌ಫರ್ಟಿಗೆ, ಸಂಜೆ ಹೊತ್ತು ದೊಡ್ಡವರಿಗೆ ಪಾಠ ಹೇಳುವ ಒಂದು ಶಾಲೆಯನ್ನು ನಡೆಸಲು. ಗುರುಗಳಿಗೆ ಬರೆದ ದೀರ್ಘ ಪತ್ರದಲ್ಲಿ ಕಾರಣವನ್ನೂ ತಿಳಿಸಿದರು: ವಿದ್ವಾಂಸರು ಕೇಳುವ ಪ್ರಶ್ನೆಗಳಲ್ಲಿ ತಮಗಿನ್ನು ಆಸಕ್ತಿ ಉಳಿದಿಲ್ಲ, ಮನುಷ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗಿದೆ. ಯುದ್ಧದಿಂದ ಮರಳಿದ ಹುಡುಗನ ಬೇಸರ ಇದು ಎಂದು ಮೈನೆಕೆ ತಿಳಿದುಕೊಂಡರು.

ವಯಸ್ಕರ ಶಿಕ್ಷಣ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ರಾತ್ರಿಶಾಲೆ, ಸ್ಲೇಟು, ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ಅಜ್ಜಿ. ಫ್ರಾಂಕ್‌ಫರ್ಟಿನ ವಿದ್ಯಾರ್ಥಿಗಳು ಅಂಥವರಲ್ಲ. ವಕೀಲರು, ವೈದ್ಯರು, ವ್ಯಾಪಾರಸ್ಥರು, ಅವರ ಮನೆಯ ಹೆಂಗಸರು. ಗಯಟೆಯ ಸಾಲುಗಳು ಬಾಯಿಗೆ ಬರುತ್ತಿದ್ದ, ಕಾಂಟ್‌ನ ಬಗ್ಗೆ ಊಟದ ಮೇಜಿನಲ್ಲಿ ವಾದಿಸಬಲ್ಲ ಜನ. ಆದರೆ ಅಜ್ಜನ ಪ್ರಾರ್ಥನಾ ಪುಸ್ತಕ ಕೈಗೆ ಬಂದರೆ ಅದನ್ನು ಎಡದಿಂದ ತೆರೆಯಬೇಕೋ ಬಲದಿಂದಲೋ ಎಂದು ತಡವರಿಸುವವರು ಅವರಲ್ಲಿ ಕಡಿಮೆಯಿರಲಿಲ್ಲ. ಒಂದು ವಿಷಯದಲ್ಲಿ ಪಂಡಿತರು, ಇನ್ನೊಂದರಲ್ಲಿ ನಿರಕ್ಷರಿಗಳು. ಎರಡನೆಯದು ತಮ್ಮದೇ ಮನೆಯ ವಿಷಯ ಎಂಬುದೇ ಮುಜುಗರ.

ಇಂಥ ಸ್ಥಿತಿ ಒಂದೆರಡು ತಲೆಮಾರಿನಲ್ಲಿ ಬಂದದ್ದು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಒಂದಾದಾಗ ಯಹೂದಿಗಳಿಗೆ ಕಾನೂನಿನ ಮಟ್ಟಿಗೆ ಸಮಾನ ಪೌರತ್ವ ಎಲ್ಲ ಕಡೆ ಸಿಕ್ಕಿತು. ವಿಶ್ವವಿದ್ಯಾಲಯ, ರಂಗಮಂದಿರ, ಪತ್ರಿಕೆ ಎಲ್ಲಕ್ಕೂ ಬಾಗಿಲು ತೆರೆಯಿತು, ಪೂರ್ತಿಯಲ್ಲದಿದ್ದರೂ. ಒಳಗೆ ಹೋದವರು ಹೊರಗಿದ್ದಾಗಿನ ಸರಕನ್ನು ಒಂದೊಂದಾಗಿ ಕೆಳಗಿಟ್ಟರು: ಮೊದಲು ಯಿಡ್ಡಿಷ್, ಆಮೇಲೆ ಹೀಬ್ರೂ, ಆಮೇಲೆ ಆಹಾರದ ಕಟ್ಟಳೆ. ಉಳಿದದ್ದು ಹೊಸವರ್ಷದ ಎರಡು ದಿನ, ಪ್ರಾಯಶ್ಚಿತ್ತದ ಯೋಮ್ ಕಿಪ್ಪೂರ್ ಒಂದು ದಿನ. ಇಂಥವರನ್ನು ಜರ್ಮನಿಯಲ್ಲಿ ‘ಮೂರು ದಿನದ ಯಹೂದಿ’ ಎಂದೇ ಆಡಿಕೊಳ್ಳುತ್ತಿದ್ದರು.

ರೋಸೆನ್‌ಜ್ವೈಗ್ ಹುಟ್ಟಿದ್ದು ಅಂಥದೇ ಮನೆಯಲ್ಲಿ, 1886ರಲ್ಲಿ, ಕಾಸೆಲ್ ಪಟ್ಟಣದ ಅನುಕೂಲಸ್ಥ ಕುಟುಂಬದಲ್ಲಿ. ಹತ್ತಿರದ ಬಂಧುಗಳಲ್ಲಿ ಕೆಲವರು ಆಗಲೇ ಕ್ರೈಸ್ತರಾಗಿದ್ದರು. 1913ರ ಜುಲೈಯ ಒಂದು ರಾತ್ರಿ ಲೈಪ್ಸಿಗ್‌ನಲ್ಲಿ, ಯಹೂದಿಯಾಗಿ ಹುಟ್ಟಿ ಕ್ರೈಸ್ತರಾಗಿದ್ದ ಗೆಳೆಯ ಆಯ್ಗನ್ ರೋಸೆನ್‌ಸ್ಟಾಕ್ ಜೊತೆ ನಡೆದ ದೀರ್ಘ ವಾದದಲ್ಲಿ ಅವರು ಸೋತರು. ತಾನೂ ಮತಾಂತರವಾಗುವುದೇ ಸರಿ ಎಂದು ತೀರ್ಮಾನಿಸಿದರು. ಒಂದೇ ಷರತ್ತು: ಏನೂ ಅಲ್ಲದವನಾಗಿ ಹೋಗುವುದಿಲ್ಲ, ಯಹೂದಿಯಾಗಿಯೇ ಹೋಗುತ್ತೇನೆ. ಆರಂಭದ ಕ್ರೈಸ್ತರೆಲ್ಲ ಹಾಗೇ ಹೋದವರಲ್ಲವೆ? ಈ ಷರತ್ತೇ ಅವರನ್ನು ಹಿಡಿದು ನಿಲ್ಲಿಸಿತು. ಬಿಡಬೇಕಾದದ್ದನ್ನು ಬಿಡುವ ಮುನ್ನ ಅದೇನೆಂದು ನೋಡಬೇಕಾಯಿತು. ಅದೇ ಅಕ್ಟೋಬರ್ ಕೊನೆಗೆ ಸೋದರಸಂಬಂಧಿಗೆ ಬರೆದ ಪತ್ರದಲ್ಲಿ, ತಾನು ಯಹೂದಿಯಾಗಿಯೇ ಉಳಿಯುವುದಾಗಿ ತಿಳಿಸಿದರು.

ನಡುವೆ ಏನಾಯಿತು? ಬರ್ಲಿನ್ನಿನ ಒಂದು ಸಣ್ಣ ಸಂಪ್ರದಾಯಸ್ಥ ಸಿನಗಾಗ್‌ನಲ್ಲಿ ಆ ವರ್ಷದ ಯೋಮ್ ಕಿಪ್ಪೂರ್ ಉಪವಾಸದ ದಿನವಿಡೀ ಕೂತು, ಸಂಜೆ ಎದ್ದು ಬರುವಾಗ ಬೇರೆಯೇ ಮನುಷ್ಯನಾಗಿದ್ದರು ಎಂಬ ಕಥೆ ಪ್ರಸಿದ್ಧ. ಕಥೆ ಚೆನ್ನಾಗಿದೆ, ಅದಕ್ಕೇ ಸ್ವಲ್ಪ ಅನುಮಾನವೂ ಬರುತ್ತದೆ. ಆ ದಿನದ ಬಗ್ಗೆ ರೋಸೆನ್‌ಜ್ವೈಗ್ ಸ್ವತಃ ಬರೆದದ್ದು ಸಿಕ್ಕಿಲ್ಲ. ಕಥೆ ಬೇರೆಯವರ ಬಾಯಿಂದ ಬಂದದ್ದು, ಈಚಿನ ಸಂಶೋಧಕರು ಅದನ್ನು ಪ್ರಶ್ನಿಸಿದ್ದಾರೆ. ಒಂದೇ ದಿನದಲ್ಲಿ ಬೆಳಕು ಕಂಡವನ ಕಥೆ ಸಂತರಿಗೆ ಒಪ್ಪುತ್ತದೆ. ದಾಖಲೆಯಲ್ಲಿರುವುದು ಅಷ್ಟು ರೋಚಕವಲ್ಲದ ಸಂಗತಿ: ಅವರು ಓದಲು ಕೂತರು. ಬರ್ಲಿನ್ನಿನಲ್ಲಿ ವಯೋವೃದ್ಧ ತತ್ವಜ್ಞಾನಿ ಹರ್ಮನ್ ಕೋಹೆನ್ ಅವರ ಪಾಠಗಳಿಗೆ ಹೋದರು. ಮಹಾಯುದ್ಧದಲ್ಲಿ ಬಾಲ್ಕನ್ ರಣರಂಗದಲ್ಲಿದ್ದಾಗ ತಮ್ಮ ಮುಖ್ಯ ಕೃತಿ ‘ವಿಮೋಚನೆಯ ನಕ್ಷತ್ರ’ದ ಕರಡನ್ನು ಅಂಚೆ ಕಾರ್ಡುಗಳಲ್ಲಿ ಬರೆದು ಮನೆಗೆ ಕಳಿಸಿದರು. 1921ರಲ್ಲಿ ಅದು ಪುಸ್ತಕವಾಯಿತು.

ಫ್ರಾಂಕ್‌ಫರ್ಟಿನ ಶಾಲೆಯ ಹೆಸರು ‘ಮುಕ್ತ ಯಹೂದಿ ಲೇರ್‌ಹೌಸ್’. ಸಾವಿರಾರು ವರ್ಷಗಳಿಂದ ಯಹೂದಿ ಊರುಗಳಲ್ಲಿ ಸಿನಗಾಗ್ ಪಕ್ಕದಲ್ಲೇ ಇರುತ್ತಿದ್ದ ಬೆತ್ ಮಿದ್ರಾಶ್ ಎಂಬ ಓದುಮನೆಯ ಜರ್ಮನ್ ಹೆಸರು ಅದು. ಆದರೆ ಹಳೆಯ ಓದುಮನೆಗೂ ಇದಕ್ಕೂ ದಿಕ್ಕೇ ಬೇರೆ, ಮತ್ತು ಅದನ್ನು ರೋಸೆನ್‌ಜ್ವೈಗ್ ಆರಂಭದ ಭಾಷಣದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದರು. ಹಿಂದಿನವರು ಧರ್ಮಗ್ರಂಥವಾದ ತೋರಾದಲ್ಲಿ ಶುರುಮಾಡಿ ಬದುಕಿನತ್ತ ನಡೆಯುತ್ತಿದ್ದರು. ಈಗ ಎಲ್ಲರೂ ಹೊರಗಿದ್ದೇವೆ. ಹೊರಗಿನಿಂದಲೇ, ನಮ್ಮ ನಮ್ಮ ವೃತ್ತಿ, ಪುಸ್ತಕ, ಅನುಮಾನಗಳನ್ನು ಹೊತ್ತುಕೊಂಡೇ ಒಳಕ್ಕೆ ನಡೆಯಬೇಕು. ಅಲ್ಲಿ ಗೊತ್ತಿಲ್ಲದಿರುವುದು ನಾಚಿಕೆಯ ವಿಷಯವಾಗಿರಲಿಲ್ಲ, ಅದೇ ಪ್ರವೇಶಪತ್ರ. ಮತ್ತೆ, ಕಲಿತದ್ದಕ್ಕಾಗಿ ಇದ್ದದ್ದನ್ನು ಬಿಟ್ಟುಬರಬೇಕಾಗಿಯೂ ಇರಲಿಲ್ಲ. ವೈದ್ಯ ವೈದ್ಯನಾಗಿಯೇ ಬರಬಹುದು, ಜರ್ಮನ್ ಜರ್ಮನ್ನನಾಗಿಯೇ.

ಕಲಿಸುವವರ ಪಟ್ಟಿಯೂ ಹಾಗೇ ಇತ್ತು. ರಬ್ಬಿ ನೆಹೆಮಿಯಾ ನೋಬೆಲ್ ಅವರಂಥ ಘನಪಂಡಿತರ ಜೊತೆಗೆ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಸ್ಟ್ರಾಸ್ ಬೈಬಲ್ ಓದಿಸುತ್ತಿದ್ದರು. ವೈದ್ಯ ರಿಚರ್ಡ್ ಕೋಖ್ ಪಾಠಕ್ಕೆ ಬರುತ್ತಿದ್ದರು. ತತ್ವಜ್ಞಾನಿ ಮಾರ್ಟಿನ್ ಬೂಬರ್ 1922ರಲ್ಲಿ ಇಲ್ಲಿ ಮಾಡಿದ ಉಪನ್ಯಾಸಮಾಲೆಯಿಂದ ಮರುವರ್ಷದ ಅವರ ಪುಸ್ತಕ ‘ನಾನು ಮತ್ತು ನೀನು’ ಬೆಳೆಯಿತು. ಮುಂದೆ ಯಹೂದಿ ಅನುಭಾವದ ಇತಿಹಾಸವನ್ನೇ ಬರೆದ ಗೆರ್ಷೋಮ್ ಶೋಲೆಮ್, ಮನೋವಿಶ್ಲೇಷಕ ಎರಿಕ್ ಫ್ರಾಮ್, ಲೇಖಕ ಸೀಗ್‌ಫ್ರೀಡ್ ಕ್ರಾಕಾವರ್, ಹೀಬ್ರೂ ಕಾದಂಬರಿಕಾರ ಅಗ್ನೋನ್ ಎಲ್ಲರ ಹೆಸರೂ ಈ ಶಾಲೆಯ ಸುತ್ತ ಬರುತ್ತವೆ. ಬೆರ್ಥಾ ಪಾಪೆನ್‌ಹೈಮ್ ಅವರದೂ ಬರುತ್ತದೆ. ಮನೋವಿಶ್ಲೇಷಣೆಯ ಪುಸ್ತಕಗಳಲ್ಲಿ ‘ಆನಾ ಓ.’ ಎಂಬ ರೋಗಿಯಾಗಿ ಮಾತ್ರ ಗೊತ್ತಿರುವ ಈಕೆ ನಿಜಜೀವನದಲ್ಲಿ ಯಹೂದಿ ಮಹಿಳಾ ಸಂಘಟನೆಯ ನಾಯಕಿ, ಯಿಡ್ಡಿಷ್‌ನಿಂದ ಹಳೆಯ ಬರಹಗಳನ್ನು ಜರ್ಮನ್ನಿಗೆ ತಂದ ಅನುವಾದಕಿ. ರಬ್ಬಿಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಓದು ಗಂಡಸರ ಸೊತ್ತಾಗಿದ್ದ ಪರಂಪರೆಯಲ್ಲಿ ಹೆಂಗಸೊಬ್ಬಳು ಗುರುಪೀಠದಲ್ಲಿ ಕೂರುವುದು ಸಣ್ಣ ಮಾತಲ್ಲ.

ಶಾಲೆ ತುಂಬಿತು. ಏರುಗಾಲದಲ್ಲಿ ದಾಖಲಾದವರ ಸಂಖ್ಯೆ ಸಾವಿರ ದಾಟಿತ್ತು. ಆದರೆ ತುಂಬಿದ್ದು ಎಲ್ಲಿ ಎಂಬುದು ಮುಖ್ಯ. ನೋಬೆಲ್ ಅಥವಾ ಬೂಬರ್ ಮಾತಾಡುವ ಸಂಜೆ ಸಭಾಂಗಣ ಕಿಕ್ಕಿರಿಯುತ್ತಿತ್ತು. ಕ್ರಿಯಾಪದ ತಿದ್ದುವ ಹೀಬ್ರೂ ತರಗತಿಗೆ, ಸಾಲು ಸಾಲಾಗಿ ಪಠ್ಯ ಓದುವ ಸಣ್ಣ ಗುಂಪುಗಳಿಗೆ ಬರುವವರು ಬೆರಳೆಣಿಕೆ. ಹೆಸರಾಂತ ಉಪನ್ಯಾಸ ಒಂದು ಬಗೆಯ ಔತಣ. ಉಂಡವನು ಅಡಿಗೆ ಕಲಿತ ಹಾಗಾಗಲಿಲ್ಲ. ರೋಸೆನ್‌ಜ್ವೈಗ್‌ಗೆ ಬೇಕಾಗಿದ್ದದ್ದು ಈ ಸಣ್ಣ ಗುಂಪುಗಳು. ತಮಾಷೆಯೆಂದರೆ ಅವರ ಸ್ವಂತ ಪಾಠಗಳು ಕೇಳುಗರ ತಲೆಯ ಮೇಲಿಂದ ಹಾರಿಹೋಗುತ್ತಿದ್ದವು. ಸಾಮಾನ್ಯ ಮನುಷ್ಯರ ಪ್ರಶ್ನೆಗಾಗಿ ಪ್ರಾಧ್ಯಾಪಕ ಹುದ್ದೆಯನ್ನೇ ಒಲ್ಲೆನೆಂದವರ ಮಾತು ಸಾಮಾನ್ಯರಿಗೆ ಅರ್ಥವಾಗುತ್ತಿರಲಿಲ್ಲ.

ಇಲ್ಲಿ ಒಂದು ತೊಡಕು ಕೇಳಲೇಬೇಕು. ಯಹೂದಿ ಧರ್ಮಶಾಸ್ತ್ರದ ಪ್ರಕಾರ ತಾಯಿ ಯಹೂದಿಯಾದರೆ ಮಗು ಯಹೂದಿ. ಒಂದಕ್ಷರ ಕಲಿಯದಿದ್ದರೂ ಅದು ಹೋಗುವುದಿಲ್ಲ. ಹಾಗಾದರೆ ಓದಿನಿಂದ ಪಡೆಯುವ ‘ಗುರುತು’ ಯಾವುದು? ಹುಟ್ಟು ಕೊಡುವುದು ಒಂದು ಹೆಸರು, ಕೆಲವೊಮ್ಮೆ ಅದರ ಜೊತೆ ಬೀದಿಯ ಬೈಗುಳ. ಆ ಹೆಸರಿನೊಂದಿಗೆ ಏನು ಮಾಡಬೇಕೆಂಬುದು ಹುಟ್ಟಿನಲ್ಲಿ ಬರೆದಿರುವುದಿಲ್ಲ. ಈ ಪ್ರಶ್ನೆ ಮಕ್ಕಳಿಗೆ ಏಳುವುದಿಲ್ಲ. ಮಗುವಿಗೆ ಮನೆಯೇ ಉತ್ತರ. ಮದುವೆ, ಮಗು, ಸಾವು, ಊರು ಬಿಟ್ಟ ಮೇಲಿನ ಒಂಟಿತನ ಇವುಗಳ ನಡುವೆ ಸಿಕ್ಕ ದೊಡ್ಡವರಿಗೇ ಅದು ಏಳುವುದು.

ಪರಂಪರೆಗೂ ಇದು ಹೊಸದಲ್ಲ. ಅದರ ಮಹಾಗುರುಗಳಲ್ಲಿ ಒಬ್ಬನಾದ ಅಕಿವ ನಲವತ್ತರವರೆಗೆ ಓದುಬರಹ ಅರಿಯದವನು, ಕುರಿ ಕಾಯುತ್ತಿದ್ದವನು ಎನ್ನುತ್ತವೆ ಹಳೆಯ ಕಥೆಗಳು. ಬಾವಿಯ ಬಳಿ ತೊಟ್ಟಿಕ್ಕುವ ನೀರು ಕಲ್ಲನ್ನು ಕೊರೆದಿರುವುದನ್ನು ಕಂಡು, ಕಲ್ಲಿಗೇ ಹೀಗಾದರೆ ನನ್ನ ಎದೆಗೆ ಯಾಕಾಗದು ಎಂದುಕೊಂಡನಂತೆ. ನೇರ ಹೋಗಿ ಮಕ್ಕಳ ಮೇಷ್ಟರ ಮುಂದೆ ಕೂತ, ಪಕ್ಕದಲ್ಲಿ ಅವನದೇ ಮಗ. ಹಲಗೆಯ ಒಂದು ತುದಿ ಅಪ್ಪ ಹಿಡಿದ, ಇನ್ನೊಂದು ತುದಿ ಮಗ. ಅಲೆಫ್, ಬೇತ್‌ನಿಂದ ಶುರು. ಈ ಕಥೆಯಲ್ಲಿ ಗಮನಿಸಬೇಕಾದದ್ದು, ಅಕಿವ ತಾನು ಯಾರೆಂದು ತಿಳಿಯಲು ಹೋಗಲಿಲ್ಲ ಎಂಬುದನ್ನು. ಅವನಿಗೆ ಅಕ್ಷರ ಬೇಕಿತ್ತು. ಓದು ಓದಿಗಾಗಿಯೇ ಇರಬೇಕು, ಹೆಸರಿಗೋ ಲಾಭಕ್ಕೋ ಅಲ್ಲ ಎಂಬುದು ರಬ್ಬಿಗಳ ಹಳೆಯ ಆದರ್ಶ. ಆದರೆ ಅದೇ ರಬ್ಬಿಗಳು ವ್ಯವಹಾರಸ್ಥರೂ ಹೌದು: ಬೇರೆ ಉದ್ದೇಶದಿಂದ ಬಂದವನೂ ಓದುತ್ತಾ ಓದುತ್ತಾ ಸರಿಯಾದ ಉದ್ದೇಶಕ್ಕೆ ಬಂದಾನು, ಬರಲಿ ಬಿಡಿ ಎಂದರು.

ಈ ಓದು ಒಬ್ಬರೇ ಮಾಡುವಂಥದ್ದೂ ಅಲ್ಲ. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಪ್ರತಿ ಸಾಲಿಗೂ ಜಗಳವಾಡುವ ಪದ್ಧತಿಗೆ ಹವ್ರುತಾ ಎನ್ನುತ್ತಾರೆ. ಅದರ ಆದಿಕಥೆ ತಾಲ್ಮುಡ್‌ನ ರಬ್ಬಿ ಯೋಹಾನನ್ ಮತ್ತು ರೇಶ್ ಲಾಕಿಶ್ ಅವರದು. ಲಾಕಿಶ್ ಮೊದಲು ದರೋಡೆಕೋರ. ಯೋಹಾನನ್ ಅವನನ್ನು ಓದಿಗೆ ಎಳೆದು ತಂದು, ತಂಗಿಯನ್ನು ಕೊಟ್ಟು ಮದುವೆ ಮಾಡಿ, ತನ್ನ ಸಮಕ್ಕೆ ಬೆಳೆಸಿದ. ಒಂದು ದಿನ ಕತ್ತಿ, ಚೂರಿಗಳಿಗೆ ಮೈಲಿಗೆಯ ನಿಯಮ ಯಾವ ಹಂತದಿಂದ ಅನ್ವಯಿಸುತ್ತದೆ ಎಂಬ ವಾದ ಬಂತು. ಕಳ್ಳನಿಗೆ ಕಳ್ಳತನದ ಕಸುಬು ಗೊತ್ತಲ್ಲ ಎಂದು ಯೋಹಾನನ್ ಚುಚ್ಚಿದ. ಆ ಮಾತಿನ ಗಾಯ ಮಾಯಲಿಲ್ಲ, ಲಾಕಿಶ್ ತೀರಿಕೊಂಡ. ಸಮಾಧಾನಕ್ಕೆಂದು ಕಳಿಸಿದ ಹೊಸ ಜೊತೆಗಾರ ಯೋಹಾನನ್ ಹೇಳಿದ್ದಕ್ಕೆಲ್ಲ ಆಧಾರ ಒದಗಿಸಿ ಹೌದು ಹೌದು ಎನ್ನತೊಡಗಿದ. ಯೋಹಾನನ್‌ಗೆ ಅದು ಬೇಡವಾಗಿತ್ತು. ಲಾಕಿಶ್ ತನ್ನ ಒಂದೊಂದು ಮಾತಿಗೂ ಇಪ್ಪತ್ನಾಲ್ಕು ಆಕ್ಷೇಪ ಎತ್ತುತ್ತಿದ್ದ, ಅದರಿಂದಲೇ ವಿಷಯ ಬೆಳಗುತ್ತಿತ್ತು ಎಂದು ಗೋಳಾಡಿದ, ಕೊನೆಗೆ ಬುದ್ಧಿ ಕಳೆದುಕೊಂಡ. ಮನುಷ್ಯನೊಬ್ಬ ಬದಲಾದರೂ ಹಳೆಯ ಗುರುತು ಅವನ ಬೆನ್ನು ಬಿಡುವುದಿಲ್ಲ, ಅದೂ ಬದಲಿಸಿದ ಗುರುವಿನ ಬಾಯಲ್ಲೇ. ಕಲಿಕೆ ಗುರುತನ್ನು ಕೊಡುತ್ತದೆ ಎಂದು ಹಗುರಾಗಿ ಹೇಳುವವರು ಈ ಪುಟವನ್ನು ಒಮ್ಮೆ ಓದಬೇಕು.

1922ರಲ್ಲಿ ರೋಸೆನ್‌ಜ್ವೈಗ್‌ಗೆ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಕಾಣಿಸಿಕೊಂಡಿತು. ಕೈ ಹೋಯಿತು, ಮಾತು ಹೋಯಿತು. ವಿಶೇಷವಾಗಿ ಮಾಡಿಸಿದ ಬೆರಳಚ್ಚು ಯಂತ್ರದ ಅಕ್ಷರಗಳನ್ನು ಅವರು ತೋರಿಸಿದರೆ ಹೆಂಡತಿ ಎಡಿತ್ ಒತ್ತುತ್ತಿದ್ದರು. ಕೊನೆಕೊನೆಗೆ ಎಡಿತ್ ಅಕ್ಷರಗಳನ್ನು ಹೇಳುತ್ತಾ ಹೋಗಬೇಕು, ಬೇಕಾದಲ್ಲಿ ಅವರು ಕಣ್ಣು ಮಿಟುಕಿಸಬೇಕು. ಹಾಗೇ ಮಧ್ಯಯುಗದ ಹೀಬ್ರೂ ಕವಿ ಯೆಹೂದ ಹಲೇವಿಯ ಕವಿತೆಗಳ ಅನುವಾದ ಆಯಿತು, 1925ರಿಂದ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್ನಿಗೆ ತರುವ ಕೆಲಸವೂ ನಡೆಯಿತು. 1929ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅನುವಾದ ಯೆಶಾಯನ ಗ್ರಂಥದ ನಡುವೆ ಇತ್ತು. ಬೂಬರ್ ಒಬ್ಬರೇ ಅದನ್ನು ಮುಗಿಸಿದ್ದು 1961ರಲ್ಲಿ.

ಪ್ರಾರ್ಥನೆಯ ವೇಳೆ ತೋಳಿಗೂ ಹಣೆಗೂ ಕಟ್ಟುವ ತೆಫಿಲಿನ್ ನೀವು ಕಟ್ಟುತ್ತೀರಾ ಎಂದು ಯಾರೋ ಕೇಳಿದಾಗ ರೋಸೆನ್‌ಜ್ವೈಗ್ ‘ಇನ್ನೂ ಇಲ್ಲ’ ಎಂದರಂತೆ. ಈ ಮಾತು ಇಂದಿಗೂ ವಯಸ್ಕರ ತರಗತಿಗಳಲ್ಲಿ ಓಡಾಡುತ್ತದೆ. ಜಾಣ ಉತ್ತರ. ಆದರೆ ಬರೀ ಜಾಣತನವಲ್ಲ. 1923ರಲ್ಲಿ ಬೂಬರ್‌ಗೆ ಬರೆದ ‘ಕಟ್ಟುವವರು’ ಎಂಬ ಲೇಖನದಲ್ಲಿ ಅವರು ಇದನ್ನೇ ವಾದವಾಗಿ ಬೆಳೆಸಿದ್ದರು. ಬೂಬರ್‌ಗೆ ಧರ್ಮದ ಕಟ್ಟಳೆಗಳು ದೇವರ ಮಾತಲ್ಲ, ಮನುಷ್ಯರು ಕಟ್ಟಿದ್ದು. ರೋಸೆನ್‌ಜ್ವೈಗ್ ಅವನ್ನು ಇಡಿಯಾಗಿ ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ; ಒಂದೊಂದನ್ನಾಗಿ ಬದುಕಿ ನೋಡಬೇಕು ಎಂದರು.

ಎಲ್ಲರೂ ಆ ದಿಕ್ಕಿನಲ್ಲೇ ನಡೆಯಲಿಲ್ಲ ಎಂಬುದನ್ನು ಲೇರ್‌ಹೌಸನ್ನು ಹೊಗಳುವವರು ಮರೆತುಬಿಡುತ್ತಾರೆ. ಸಂಪ್ರದಾಯಸ್ಥ ಮನೆಯಲ್ಲಿ ತಾಲ್ಮುಡ್ ಓದಿ ಬೆಳೆದ ಎರಿಕ್ ಫ್ರಾಮ್ ಇಪ್ಪತ್ತರ ದಶಕದಲ್ಲೇ ಆಚರಣೆ ಬಿಟ್ಟು ಮನೋವಿಶ್ಲೇಷಣೆಯ ದಾರಿ ಹಿಡಿದರು. ಹಾಗಂತ ಆ ಓದು ವ್ಯರ್ಥವಾಯಿತೆ? 1966ರಲ್ಲಿ ಅವರು ಹೀಬ್ರೂ ಬೈಬಲಿನ ಮೇಲೇ ಒಂದು ಪುಸ್ತಕ ಬರೆದರು, ದೇವರನ್ನು ನಂಬದವನ ಕಣ್ಣಿನಿಂದ. ಶೋಲೆಮ್ 1923ರಲ್ಲಿ ಹಡಗು ಹತ್ತಿ ಪ್ಯಾಲೆಸ್ಟೈನಿಗೆ ಹೋದರು. ಅದೇ ಹಡಗಿನಲ್ಲಿ, ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ಇನ್ನೊಬ್ಬ ತರುಣ ಇದ್ದರು: ಶ್ಲೋಮೊ ಗಾಯ್ಟೈನ್. ಮುಂದೆ ಕೈರೋದ ಸಿನಗಾಗ್ ಒಂದರ ಗೆನಿಜಾದಲ್ಲಿ, ಅಂದರೆ ಸವೆದ ಬರಹಗಳನ್ನು ಕೂಡಿಡುವ ಕೋಣೆಯಲ್ಲಿ, ಸಿಕ್ಕ ಹಳೆಯ ಕಾಗದಗಳನ್ನು ಓದುವುದರಲ್ಲೇ ಬಾಳು ಸವೆಸಿದವರು. ಹನ್ನೆರಡನೆಯ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ನಮ್ಮ ಮಂಗಳೂರಿನಲ್ಲಿದ್ದು ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ನಮಗೆ ತಿಳಿದದ್ದು ಅವರಿಂದ. ಅಮಿತಾವ್ ಘೋಷ್ ಪುಸ್ತಕದಿಂದ ಕನ್ನಡದ ಓದುಗರಿಗೂ ಈ ಹೆಸರು ಪರಿಚಿತ. ಮೆಣಸು, ಅಡಿಕೆಯ ಲೆಕ್ಕದ ನಡುವೆ ಬೆನ್ ಯಿಜು ಹೀಬ್ರೂ ಪದ್ಯ ಕಟ್ಟುತ್ತಿದ್ದ, ಧರ್ಮಶಾಸ್ತ್ರದ ವಿಷಯಗಳನ್ನು ಬರೆದಿಡುತ್ತಿದ್ದ. ಏಡನ್ನಿನ ಗೆಳೆಯರು ಅವನಿಗೆ ಕಾಗದ ಕಳಿಸುತ್ತಿದ್ದರು. ದಿನದ ದುಡಿಮೆ ಮುಗಿಸಿ ಓದಲು ಕೂರುವ ವ್ಯಾಪಾರಿ ಆ ಕಾಲದಲ್ಲಿ ವಿಶೇಷವೇ ಅಲ್ಲ ಎಂಬುದನ್ನು ಗಾಯ್ಟೈನ್ ಅಂಥ ಪತ್ರಗಳಿಂದಲೇ ತೋರಿಸಿಕೊಟ್ಟರು. ರೋಸೆನ್‌ಜ್ವೈಗ್ ಹೊಸದಾಗಿ ಕಟ್ಟಬೇಕಾಗಿ ಬಂದದ್ದನ್ನು ಬೆನ್ ಯಿಜು ಲೋಕ ಉಸಿರಾಟದಷ್ಟು ಸಹಜವಾಗಿ ಮಾಡುತ್ತಿತ್ತು.

ಇಪ್ಪತ್ತರ ದಶಕ ಮುಗಿಯುವ ಮುನ್ನವೇ ಲೇರ್‌ಹೌಸ್ ನಿಂತುಹೋಗಿತ್ತು. 1933ರ ನವೆಂಬರಿನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಬೂಬರ್ ಅದನ್ನು ಮತ್ತೆ ತೆರೆದರು. ಈಗ ಬಂದವರ ಪ್ರಶ್ನೆ ಬೇರೆ. ಹದಿಮೂರು ವರ್ಷದ ಹಿಂದೆ ಯಹೂದಿಯಾಗುವುದು ಆಯ್ಕೆಯ ಮಾತಾಗಿತ್ತು. ಈಗ ಸರಕಾರವೇ ಅದನ್ನು ಹಣೆಗೆ ಅಂಟಿಸುತ್ತಿತ್ತು. ಹೊರಗಿನವರು ಹೇಳುವ ಅರ್ಥವೇ ತನ್ನ ಅರ್ಥವಾಗದಿರಲು ಮನುಷ್ಯನಿಗೆ ಬೇರೊಂದು ಅರ್ಥ ಗೊತ್ತಿರಬೇಕು. ಕೆಲಸ ಕಳೆದುಕೊಂಡವರು, ವಿಶ್ವವಿದ್ಯಾಲಯದಿಂದ ಹೊರಬಿದ್ದವರು ಸೇರಿ ಬೈಬಲ್ ಓದಿದರು. ಬೂಬರ್ ಸಾರ್ವಜನಿಕವಾಗಿ ಮಾತಾಡದಂತೆ ಗೆಸ್ಟಾಪೊ ನಿರ್ಬಂಧಿಸಿತು. 1938ರಲ್ಲಿ ಅವರು ಜೆರುಸಲೇಮಿಗೆ ಹೋದರು; ಶಾಲೆಯೂ ಆ ವರ್ಷವೇ ಕೊನೆಯಾಯಿತು. ಜೆರುಸಲೇಮಿನಲ್ಲಿ 1949ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ವಲಸೆಗಾರರಿಗೆ ಕಲಿಸುವ ಶಿಕ್ಷಕರ ತರಬೇತಿಗೆಂದು ಅವರು ಮತ್ತೊಂದು ಶಾಲೆ ತೆರೆದರು.

ಇಂದು ಇಂಥ ಕಲಿಕೆ ದೊಡ್ಡ ವ್ಯವಸ್ಥೆ. ಬ್ರಿಟನ್ನಿನಲ್ಲಿ 1980ರಲ್ಲಿ ಶುರುವಾದ ಲಿಮ್ಮುದ್ ಸಮಾವೇಶದಲ್ಲಿ ಪ್ರಾಧ್ಯಾಪಕರು ಒಂದು ಗಂಟೆ ಕಲಿಸಿ ಮುಂದಿನ ಗಂಟೆ ಬೇರೊಬ್ಬರ ಮುಂದೆ ಕೂರುತ್ತಾರೆ. ಅಮೆರಿಕದ ಒಹಾಯೊದಲ್ಲಿ ಸ್ಪಂಜಿನ ಮೆತ್ತೆಯ ಮನೆಚಪ್ಪಲಿ ರೂಪಿಸಿ ಕಂಪನಿ ಬೆಳೆಸಿದ ಫ್ಲಾರೆನ್ಸ್ ಮೆಲ್ಟನ್ ಎಂಬ ಉದ್ಯಮಿ, 1980ರ ದಶಕದಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ನೆರವಿನಿಂದ ಎರಡು ವರ್ಷದ ಕ್ರಮಬದ್ಧ ವಯಸ್ಕ ಪಾಠಕ್ರಮ ಹುಟ್ಟುಹಾಕಿದರು. ಆದರೆ 2000ದಲ್ಲಿ ಸಮಾಜಶಾಸ್ತ್ರಜ್ಞ ಸ್ಟೀವನ್ ಕೋಹೆನ್ ಮತ್ತು ವಿದ್ವಾಂಸ ಆರ್ನಲ್ಡ್ ಐಸೆನ್ ಅಮೆರಿಕದ ಯಹೂದಿಗಳನ್ನು ಮಾತಾಡಿಸಿ ಬರೆದ ಪುಸ್ತಕ ಬೇರೆಯೇ ಒಂದು ಚಿತ್ರ ಕೊಟ್ಟಿತು. ಅಲ್ಲಿ ‘ನಾನು’ ಸಾರ್ವಭೌಮ: ನನಗೆ ಅರ್ಥಪೂರ್ಣವೆನಿಸಿದ್ದನ್ನು ಎತ್ತಿಕೊಳ್ಳುತ್ತೇನೆ, ಮಿಕ್ಕಿದ್ದನ್ನು ಬಿಡುತ್ತೇನೆ, ಅದರ ಲೆಕ್ಕ ಯಾರಿಗೂ ಕೊಡಬೇಕಿಲ್ಲ. ಗುರುತಿಗಾಗಿ ಓದುವುದರ ಅಪಾಯ ಇಲ್ಲೇ ಇದೆ. ಪುಸ್ತಕವನ್ನು ಕನ್ನಡಿಯಂತೆ ಹಿಡಿದವನು ತನ್ನ ಮುಖ ಕಂಡೊಡನೆ ಮುಚ್ಚಿಟ್ಟುಬಿಡುತ್ತಾನೆ.

ಇದಕ್ಕೆ ಪೂರ್ತಿ ವಿರುದ್ಧವಾದ ಪದ್ಧತಿಯೂ ಲೇರ್‌ಹೌಸ್ ಕಾಲದ್ದೇ. 1923ರಲ್ಲಿ ವಿಯೆನ್ನಾದ ಸಂಪ್ರದಾಯಸ್ಥರ ಮಹಾಸಭೆಯಲ್ಲಿ ಪೋಲೆಂಡಿನ ತರುಣ ರಬ್ಬಿ ಮೇಯಿರ್ ಶಪೀರೊ ಒಂದು ಸಲಹೆ ಇಟ್ಟರು: ಲೋಕದ ಎಲ್ಲ ಯಹೂದಿಗಳೂ ದಿನಕ್ಕೊಂದು ಹಾಳೆಯಂತೆ, ಒಂದೇ ದಿನ ಒಂದೇ ಹಾಳೆ ತಾಲ್ಮುಡ್ ಓದಲಿ. ದಾಫ್ ಯೋಮಿ ಎಂಬ ಈ ಕ್ರಮದಲ್ಲಿ ಈಗ 2,711 ಹಾಳೆ, ಸುಮಾರು ಏಳೂವರೆ ವರ್ಷ. ಇಲ್ಲಿ ‘ನನಗೆ ಬೇಕಾದ್ದು’ ನಡೆಯುವುದಿಲ್ಲ. ಅಪ್ಪ ಸತ್ತ ದಿನ ಸಾಂತ್ವನ ಬೇಕೆನಿಸಿದರೂ ಆ ದಿನದ ಹಾಳೆ ಹಾಯುವ ಎತ್ತಿನ ಬಗ್ಗೆಯೋ ಎರಡು ಮನೆ ನಡುವಿನ ಗೋಡೆಯ ಬಗ್ಗೆಯೋ ಇರಬಹುದು. ಆದರೂ, ಸಂಪ್ರದಾಯಸ್ಥರಿಗೆಂದು ಹುಟ್ಟಿದ ಇದಕ್ಕೆ ಈಗ ಸೆಕ್ಯುಲರ್ ಜನ, ಹೆಂಗಸರು ಬಂದು ಸೇರಿದ್ದಾರೆ. 2020ರ ಜನವರಿಯಲ್ಲಿ ಹದಿಮೂರನೆಯ ಸುತ್ತು ಮುಗಿದಾಗ ಜೆರುಸಲೇಮಿನಲ್ಲಿ ಹೆಂಗಸರದೇ ಸಮಾರೋಪ ನಡೆಯಿತು. ಸಾವಿರಾರು ಮಂದಿ ಸೇರಿದ್ದರು. ಓದು ಅವರನ್ನು ಹಿಡಿದಿಟ್ಟದ್ದು ಹಾಳೆ ತಮ್ಮ ಬಗ್ಗೆ ಇದೆ ಎಂಬ ಕಾರಣಕ್ಕಲ್ಲ, ನಿನ್ನೆಯ ವಾದ ಇವತ್ತಿಗೆ ಮುಗಿದಿಲ್ಲ ಎಂಬ ಕಾರಣಕ್ಕೆ ಎಂದು ತೋರುತ್ತದೆ.

ರೂತ್ ಕಾಲ್ಡೆರಾನ್ ಬೆಳೆದದ್ದು ಟೆಲ್ ಅವೀವ್‌ನ ಸೆಕ್ಯುಲರ್ ವಾತಾವರಣದಲ್ಲಿ. ಶಾಲೆಯಲ್ಲಿ ಬೈಬಲ್ ಕಲಿಸಿದರು, ತಾಲ್ಮುಡ್ ಇರಲಿಲ್ಲ. ಅದು ಗಡ್ಡದವರ ಪುಸ್ತಕ. ಆ ಖಾಲಿಯನ್ನು ದೊಡ್ಡವರಾದ ಮೇಲೆ ತಾವೇ ಹೋಗಿ ತುಂಬಿಕೊಂಡರು, ತಾಲ್ಮುಡ್‌ನಲ್ಲಿ ಡಾಕ್ಟರೇಟ್ ಪಡೆದರು, ಸೆಕ್ಯುಲರ್ ಮತ್ತು ಧಾರ್ಮಿಕ ಜನ ಒಟ್ಟಿಗೆ ಓದುವ ಎಲುಲ್ ಎಂಬ ಓದುಮನೆಯನ್ನು 1989ರಲ್ಲಿ ಗೆಳೆಯರೊಡನೆ ಜೆರುಸಲೇಮಿನಲ್ಲಿ ಕಟ್ಟಿದರು. 2013ರಲ್ಲಿ ಇಸ್ರೇಲಿನ ಸಂಸತ್ತಿಗೆ ಆಯ್ಕೆಯಾದಾಗ ತಮ್ಮ ಮೊದಲ ಭಾಷಣಕ್ಕೆ ತಾಲ್ಮುಡ್‌ನ ಸಂಪುಟವನ್ನೇ ತಂದು, ಸದಸ್ಯರಿಗೆ ಒಂದು ಕಥೆಯ ಪಾಠ ಮಾಡಿದರು. ರವ್ ರೆಹುಮಿ ಎಂಬ ವಿದ್ಯಾರ್ಥಿಯ ಕಥೆ ಅದು. ದೂರದ ಊರಿನಲ್ಲಿ ಓದುತ್ತಿದ್ದ ಅವನು ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಯೋಮ್ ಕಿಪ್ಪೂರ್ ಮುನ್ನಾ ದಿನ. ಒಂದು ವರ್ಷ ಓದಿನಲ್ಲಿ ಮುಳುಗಿ ಹೊರಡುವುದನ್ನೇ ಮರೆತ. ಹೆಂಡತಿ ಈಗ ಬಂದಾನು, ಈಗ ಬಂದಾನು ಎಂದು ಕಾದಳು, ಕಣ್ಣಿನಿಂದ ಒಂದು ಹನಿ ಉದುರಿತು. ಆ ಹೊತ್ತಿಗೆ ಮಾಡಿನ ಮೇಲೆ ಕೂತಿದ್ದ ರೆಹುಮಿಯ ಕೆಳಗಿನ ಮಾಡು ಕುಸಿದು ಅವನು ಸತ್ತ. ಓದುವವನದೂ ಸರಿ, ಕಾಯುವವಳದೂ ಸರಿ ಎಂದು ಕಾಲ್ಡೆರಾನ್ ವಿವರಿಸಿದರು; ಸೇನೆಗೆ ಹೋಗುವವರು ಮತ್ತು ಯೆಶಿವಾ ಎಂಬ ಧರ್ಮಪಾಠಶಾಲೆಗಳಲ್ಲಿ ಓದುವವರ ನಡುವೆ ದೇಶದಲ್ಲಿ ನಡೆಯುತ್ತಿದ್ದ ಜಗಳ ಕೇಳುವವರಿಗೆಲ್ಲ ನೆನಪಾಗದಿರಲು ಸಾಧ್ಯವಿರಲಿಲ್ಲ.

ಆಗ ಸಭಾಧ್ಯಕ್ಷರ ಕುರ್ಚಿಯಲ್ಲಿದ್ದದ್ದು ಶಾಸ್ ಎಂಬ ಕಟ್ಟಾ ಧಾರ್ಮಿಕ ಪಕ್ಷದ ಯಿಟ್ಜಾಕ್ ವಕ್ನಿನ್. ಸೆಕ್ಯುಲರ್ ಹೆಣ್ಣುಮಗಳು ಪೀಠದ ಕೆಳಗಿನಿಂದ ತಾಲ್ಮುಡ್ ಹೇಳುತ್ತಿದ್ದಾಗ ಅವರು ಸುಮ್ಮನಿರಲಿಲ್ಲ, ತಡೆಯಲೂ ಇಲ್ಲ. ನಡುವೆ ಬಾಯಿ ಹಾಕಿ ಪಠ್ಯದ ಬಗ್ಗೆ ತಮ್ಮದೂ ಒಂದು ವ್ಯಾಖ್ಯಾನ ಸೇರಿಸಿದರು. ಅಷ್ಟು ಹೊತ್ತು ಸಂಸತ್ತೇ ಹವ್ರುತಾ ಆಗಿತ್ತು. ಆಮೇಲೆ ಕಾಲ್ಡೆರಾನ್ ಹಣದ ಮಾತಿಗೆ ಬಂದರು: ಸರಕಾರ ತೋರಾ ಓದಿಗೆ ಕೊಡುವ ಅನುದಾನ ಯೆಶಿವಾಗಳಿಗೆ ಮಾತ್ರವಲ್ಲ, ಎಲುಲ್‌ನಂಥ ಸೆಕ್ಯುಲರ್ ಓದುಮನೆಗಳಿಗೂ ಸಮನಾಗಿ ಹಂಚಿಕೆಯಾಗಬೇಕು.